ಅರಿಶಿನ ಮೆತ್ತಿದ ಮೆರುಗಿನ ಪ್ಲೇಟು

ಗ್ರಾಮಫೋನ್ ಪ್ಲೇಟುಗಳಲ್ಲಿ ಎರಡು ಜಾತಿ. ಅಂಗಡಿಗಳಲ್ಲಿ ಮಾರುವುದು ಅರಗಿನ ಪ್ಲೇಟು. ಕೈಜಾರಿದರೆ ಹಂಚಿನಂತೆ ಒಡೆಯುತ್ತದೆ, ಒಳಗೂ ಹೊರಗೂ ಒಂದೇ ಕಪ್ಪು. ಇನ್ನೊಂದು ಮೆರುಗಿನ ಪ್ಲೇಟು. ಇದನ್ನು ಕಾರ್ಖಾನೆಯಲ್ಲಿ ಅಚ್ಚು ಒತ್ತುವುದಿಲ್ಲ. ಯಾವುದೋ ಒಂದು ಬಿಲ್ಲೆಯ ಮೇಲೆ ಕಪ್ಪು ಮೆರುಗೆಣ್ಣೆಯನ್ನು ದಪ್ಪಗೆ ಹೊದಿಸಿ ಒಣಗಿಸಿರುತ್ತಾರೆ. ಹಾಡುವವರು ಎದುರಿಗೆ ಕೂತು ಹಾಡುತ್ತಿರುವಾಗಲೇ ಯಂತ್ರದ ಸೂಜಿ ಆ ಮೆರುಗಿನಲ್ಲಿ ಗೆರೆ ಕೊರೆಯುತ್ತ ಹೋಗುತ್ತದೆ. ಹಾಗಾಗಿ ಅಂಥ ಪ್ಲೇಟಿಗೆ ಜೋಡಿ ಇರುವುದಿಲ್ಲ. ಹಾಳಾದರೆ ಹಾಳಾಯಿತು. ಮೇಲಿನಿಂದ ನೋಡಿದರೆ ಎಲ್ಲವೂ ಒಂದೇ ಥರ ಮಿರಿಮಿರಿ ಕಪ್ಪು. ಒಳಗಿನ ಬಿಲ್ಲೆ ಯಾವುದರದ್ದು ಎಂದು ಪತ್ತೆ ಮಾಡುವುದೇ, ಸೇಲಂನಲ್ಲಿ ನನ್ನ ಸೋದರಮಾವನ ಗ್ರಾಮಫೋನ್ ಬಾಡಿಗೆ ಅಂಗಡಿಗೆ ಸೇರಿದ ಮೊದಲ ಎರಡು ವರ್ಷ ನನ್ನ ಮುಖ್ಯ ಕೆಲಸವಾಗಿತ್ತು.

ಆಗ ಊರಿನಲ್ಲಿ ಟಾಕಿ ತೆಗೆಯುವವರು ಬಂದು ನೆಲೆಸಿದ್ದರು. ಪಾತ್ರಧಾರಿಗಳ ಕಂಠ ಪರೀಕ್ಷೆಗೆಂದು ಮೆರುಗಿನ ಪ್ಲೇಟು ಕೊರೆದು, ಒಂದೆರಡು ಸಲ ಕೇಳಿ, ರಾಶಿ ಹಾಕುತ್ತಿದ್ದರು. ಆ ರಾಶಿಯನ್ನು ಮಾವ ಗೋಣಿಚೀಲದಲ್ಲಿ ತರುತ್ತಿದ್ದರು. ಅಲ್ಯುಮಿನಿಯಂ ಬಿಲ್ಲೆಗಳನ್ನು ಪಾತ್ರೆ ಮಾಡುವವರು ಒಯ್ಯುತ್ತಿದ್ದರು, ಸತುವಿನವನ್ನು ಅಚ್ಚುಕೂಟದವರು. ತಗಡಿನವು ಡಬ್ಬಿ ಬೆಸೆಯುವವನಿಗೆ. ಉಳಿಯುತ್ತಿದ್ದುದು ರಟ್ಟಿನವು. ಅವುಗಳನ್ನು ಮೊದಲು ಒಲೆಗೆ ಹಾಕುತ್ತಿದ್ದೆವು. ಒಂದು ದಿನ ಮೆರುಗು ಭಗ್ಗೆಂದು ಹತ್ತಿಕೊಂಡು ಅತ್ತೆಯ ಹುಬ್ಬು ಸುಟ್ಟುಹೋಯಿತು. ಅತ್ತೆ ಎಂದರೆ ಮಾವನ ಹೆಂಡತಿ. ಹುಬ್ಬು ಮತ್ತೆ ಬರುವವರೆಗೂ ಕಾಡಿಗೆಯಲ್ಲಿ ಬರೆದುಕೊಂಡು, ಕೇಳಿದವರಿಗೆಲ್ಲ, "ನಮ್ಮೆಜಮಾನ್ರು ಟಾಕಿಗೆ ಸೇರ್ಸವ್ರೆ ನನ್ನ" ಎನ್ನುತ್ತಿದ್ದರು. ಅಂದಿನಿಂದ ರಟ್ಟಿನವು ಹಿತ್ತಲ ಗುಂಡಿಗೆ ಹೋಗತೊಡಗಿದವು.

ನನಗೆ ದಿನಚರಿ ಬರೆಯುವ ಅಭ್ಯಾಸ. ನಮ್ಮೂರು ಕಡಯಂಪಟ್ಟಿಯಲ್ಲಿ ಓದಿದ್ದು ತಮಿಳಿನಲ್ಲಾದರೂ ಕನ್ನಡ ಅಕ್ಷರಗಳನ್ನು ತಾತ ಮನೆಯಲ್ಲೇ ಕಲಿಸಿದ್ದರು. ದಿನಚರಿಯನ್ನು ಅದರಲ್ಲೇ ಬರೆಯುತ್ತಿದ್ದೆ. ಬಂದ ಪ್ಲೇಟು, ಮಾಡಿದ ಪರೀಕ್ಷೆ, ಹೊರಟ ತೀರ್ಮಾನ, ತಿಂಗಳ ಕೊನೆಗೆ ಮೊತ್ತ. ಯಾವ ಪರೀಕ್ಷೆ ಎಷ್ಟು ಸಲ ಸುಳ್ಳು ಹೇಳಿತು ಎಂಬುದನ್ನೂ ಗುರುತು ಹಾಕುತ್ತಿದ್ದೆ. ಹಾಗೆ ಹಾಕುತ್ತ ಹೋದ ಮೇಲೆ ಒಂದು ಕ್ರಮ ತಾನಾಗಿ ಸಿದ್ಧವಾಯಿತು. ಮೊದಲು ಅಯಸ್ಕಾಂತ, ಅಂಟಿಕೊಂಡರೆ ತಗಡು. ಆಮೇಲೆ ತೂಕ, ಕೈ ಜಗ್ಗುವಷ್ಟಿದ್ದರೆ ಸತು. ಆಮೇಲೆ ನಡುಬೆರಳ ಗೆಣ್ಣಿನಿಂದ ತಟ್ಟುವುದು; ಲೋಹ ಸಣ್ಣಗೆ ಮಿಡಿಯುತ್ತದೆ, ರಟ್ಟು ಬಾಗಿಲು ಬಡಿದಂತೆ ಮಂಕಾಗಿ ಸದ್ದು ಮಾಡುತ್ತದೆ. ಬೆಳಿಗ್ಗೆ ಕೆನ್ನೆಗೆ ಒತ್ತಿದರೆ ಲೋಹ ತಣ್ಣಗೆ ಕಚ್ಚುತ್ತದೆ. ಆದರೆ ಇವೆಲ್ಲ ಊಹೆಗೆ ಮಾತ್ರ. ಕೊನೆಯ ಮಾತು ತೂತಿನದು. ಮೆರುಗಿನ ಪ್ಲೇಟಿಗೆ ನಡುತೂತಿನ ಪಕ್ಕ ಇನ್ನೊಂದು ತೂತಿರುತ್ತದೆ. ಕೊರೆಯುವಾಗ ಬಿಲ್ಲೆ ಜಾರದಿರಲೆಂದು ಯಂತ್ರದ ಮೊಳೆ ಅದರೊಳಗೆ ಕೂರುತ್ತದೆ. ಆ ತೂತಿನ ಅಂಚಿಗೆ ಮೆರುಗು ಹತ್ತಿರುವುದಿಲ್ಲ. ಭೂತಗನ್ನಡಿ ಹಿಡಿದು ನೋಡಿದರೆ ಒಳಗಿನ ಹೂರಣ ಕಾಣುತ್ತದೆ.

ನಾನು ಈಗ ಬರೆಯಬೇಕೆಂದಿರುವುದು ಗೋಣಿಚೀಲದಲ್ಲಿ ಬರದ ಒಂದು ಪ್ಲೇಟಿನ ವಿಷಯ.

ಅದು ಚಿತ್ತಿರೈ, ತಮಿಳು ಲೆಕ್ಕದ ಮೊದಲ ತಿಂಗಳು; ವೈಕಾಸಿ ಅದರ ಮರುತಿಂಗಳು. ಮಾವ ಸರಕು ತರಲು ಮದ್ರಾಸಿಗೆ ಹೋಗಿದ್ದರು. ಬೆಳಿಗ್ಗೆ ಅಂಗಡಿ ತೆಗೆದು ಧೂಳು ಹೊಡೆಯುತ್ತಿದ್ದಾಗ ಮೂವರು ಬಂದರು. ನಡುವಯಸ್ಸು ದಾಟಿದ ಗಂಡಸು, ಅವನ ಅಕ್ಕನಂತೆ ಕಾಣುವ, ಬಾಯ್ತುಂಬ ಎಲೆಯಡಿಕೆಯ ಹೆಂಗಸು, ಹದಿನೇಳರ ಆಸುಪಾಸಿನ ಒಬ್ಬಳು ಹುಡುಗಿ. ಹುಡುಗಿಯ ಕೈಯಲ್ಲಿ ಬಿಸ್ಕತ್ತಿನ ದೊಡ್ಡ ಡಬ್ಬಿ. ಗಂಡಸಿನ ಅಂಗೈ ಹುಟ್ಟು ಹಾಕಿ ಹಾಕಿ ಜಡ್ಡುಗಟ್ಟಿತ್ತು. ಹೊಗೆನಕಲ್ಲಿನಲ್ಲಿ ಪರಿಸಲು ನಡೆಸುವವನು ತಾನು, ಹುಡುಗಿ ತನ್ನ ಹಿರಿಯ ಮಗಳು ಎಂದು ಅವನೇ ಹೇಳಿದ. ಪರಿಸಲು ಎಂದರೆ ಆ ಕಡೆಯವರ ಮಾತಿನಲ್ಲಿ ಹರಿಗೋಲು.

"ವೈಕಾಸೀಲಿ ಇವ್ಳ ಮದ್ವೆ ಐತೆ ತಂಬಿ. ಮೇಚೇರಿಗೆ ಕೊಡ್ತಾವ್ನಿ. ಆಡ್ಸೋ ಪೆಟ್ಗೆ ಬಾಡ್ಗೆಗೆ ಬೇಕು," ಎಂದ.

ಪ್ಲೇಟುಗಳ ಕಟ್ಟು ಬೇಕೇ ಎಂದು ಕೇಳಿದೆ.

"ಕಟ್ಟು ಬ್ಯಾಡ. ಪ್ಲೇಟು ನಮ್ತಾವೇ ಐತೆ. ಒಂದೇ ಒಂದು."

ಹುಡುಗಿ ಡಬ್ಬಿಯ ಮುಚ್ಚಳ ತೆಗೆದಳು. ಒಳಗೆ ಕೆಂಪು ರವಿಕೆ ಬಟ್ಟೆಯ ಮೇಲೆ ಹಳದಿ ತಟ್ಟೆ. ಹಿತ್ತಾಳೆಯ ಪೂಜೆ ತಟ್ಟೆ ಎಂದುಕೊಂಡೆ. ಬಗ್ಗಿ ನೋಡಿದರೆ, ಮೆರುಗಿನ ಪ್ಲೇಟು! ಎರಡೂ ಮಗ್ಗುಲು ಅರಿಶಿನ ಮೆತ್ತಿ ಒಣಗಿ ಬಿರುಕು ಬಿಟ್ಟಿತ್ತು. ಅಂಚಿನ ಒಂದು ಕಡೆ ಹೆಬ್ಬೆರಳಗಲ ಕುಂಕುಮ. ಪಕ್ಕದ ತೂತಿನಲ್ಲಿ ಅರಿಶಿನದ ದಾರ ಪೋಣಿಸಿ, ಒಂದು ಸಣ್ಣ ಚಿನ್ನದ ಗುಂಡು ಸೇರಿಸಿ, ಮೂರು ಗಂಟು ಹಾಕಿದ್ದರು.

"ಇದೇನಕ್ಕಾ?" ಎಂದೆ ಹೆಂಗಸಿನ ಕಡೆ ತಿರುಗಿ.

"ಇದು ಅಂತೀಯಲ್ಲೋ! ನನ್ ತಮ್ಮನ ಎಂಡ್ತಿ ಕಣಪ್ಪ," ಎಂದಳು ಆಕೆ.

ಆಮೇಲೆ ಒಬ್ಬರ ಮಾತನ್ನು ಒಬ್ಬರು ಕಿತ್ತುಕೊಂಡು ಕತೆ ಹೇಳಿದರು. ಮೂರು ವರ್ಷದ ಕೆಳಗೆ ಟಾಕಿಯವರು ಜಲಪಾತದ ಚಿತ್ರ ತೆಗೆಯಲು ಹೊಗೆನಕಲ್ಲಿಗೆ ಬಂದಿದ್ದರು. ಶಬ್ದ ಹಿಡಿಯುವವನು ಯಂತ್ರವನ್ನೂ ಬ್ಯಾಟರಿಗಳನ್ನೂ ಇವನ ಪರಿಸಲಿನಲ್ಲೇ ದಾಟಿಸಿದ್ದ. ಊಟಕ್ಕೆ ಇವನ ಮನೆಯಲ್ಲಿ ಹುರಿದ ಮೀನು. ಇವನ ಹೆಂಡತಿ ಮಸಾಲೆ ಅರೆಯುತ್ತ ಸೋಬಾನೆ ಗುನುಗುವುದನ್ನು ಕೇಳಿ, ಹೊರಡುವ ದಿನ ಆಕೆಯನ್ನು ಯಂತ್ರದ ಮುಂದೆ ಕೂರಿಸಿ ಒಂದು ಪ್ಲೇಟು ಕೊರೆದ. ಅಲ್ಲೇ ಒಂದು ಸಲ ಎಲ್ಲರಿಗೂ ಕೇಳಿಸಿ, ಮೀನಿನ ಋಣಕ್ಕೆಂದು ಕೊಟ್ಟುಹೋದ. ಅದೇ ವರ್ಷ ಆಕೆ ಜ್ವರದಲ್ಲಿ ತೀರಿಕೊಂಡಳು. ಗಂಡನಿರುವಾಗಲೇ, ಹೂವು ಅರಿಶಿನದೊಂದಿಗೆ ಹೋದವಳನ್ನು ನಮ್ಮ ಸೀಮೆಯಲ್ಲಿ ಪೂವಾಡೈಕ್ಕಾರಿ ಎಂದು ಮನೆದೇವರ ಜೊತೆ ಇಟ್ಟು ಪೂಜಿಸುತ್ತಾರೆ. ಬೇರೆ ಮನೆಗಳಲ್ಲಿ ಒಂದು ಕಲಶವೋ ಸೀರೆಯೋ ಇರುತ್ತದೆ. ಈ ಮನೆಯಲ್ಲಿ ಆಕೆಯ ಧ್ವನಿಯೇ ಇತ್ತು. ಶುಕ್ರವಾರ ಶುಕ್ರವಾರ ಅರಿಶಿನ ಹಚ್ಚಿ, ಎಣ್ಣೆಯಲ್ಲಿ ಕಲಸಿದ ಕುಂಕುಮ ಇಟ್ಟರು. ಆಡಿಸುವ ಪೆಟ್ಟಿಗೆ ಮನೆಯಲ್ಲಿಲ್ಲ. ಕೊರೆದ ದಿನ ಕೇಳಿದ್ದು ಬಿಟ್ಟರೆ ಮತ್ತೆ ಯಾರೂ ಅದನ್ನು ಕೇಳಿರಲಿಲ್ಲ.

"ಮದ್ವೇಲಿ ಅರಿಶ್ಣ ಅಚ್ಚುವಾಗ ಅವ್ವ ಆಡ್ಬೇಕು," ಎಂದಳು ಹುಡುಗಿ. "ನಂಗೆ ಅವ್ವನ್ ಮೊಕ ನೆಪ್ಪೈತೆ ಅಣ್ಣ. ಗಂಟ್ಲು ಮರ್ತೋಗೈತೆ."

ಅಕ್ಕ ಮುಂದಿನ ಏರ್ಪಾಟು ವಿವರಿಸಿದಳು. ಮದುವೆಗೆ ಮುಂಚೆ ಪೂವಾಡೈಕ್ಕಾರಿಯನ್ನು ಕಾವೇರಿಯಲ್ಲಿ ಮೀಯಿಸಿ ಮನೆಗೆ ಕರೆತರುವುದು ಪದ್ಧತಿ. "ಮೂರ್ ವರ್ಸ ಆಯ್ತು, ಪಾಪದವ್ಳ ತಲೆಗೆ ನೀರ್ ಬಿದ್ದಿಲ್ಲ. ಸೀಗೆಪುಡೀಲಿ ಚೆಂದಾಗಿ ಉಜ್ಜಿ, ಮೂರು ಮುಳುಗು ಮುಳುಗ್ಸಿ ತತ್ತೀವಿ. ನೀನು ಪೆಟ್ಗೆ ಮಡುಗು, ಸಾಕು."

"ಬೇಡ!" ಎಂದು ನಾನು ಕೂಗಿಬಿಟ್ಟೆ.

ಮೂವರೂ ನನ್ನನ್ನೇ ನೋಡಿದರು. ನಾನು ನಿಧಾನವಾಗಿ ಹೇಳಿದೆ. ಒಳಗಿನ ಬಿಲ್ಲೆ ಅಲ್ಯುಮಿನಿಯಂ ಆದರೆ ನೀರಿನಿಂದ ಭಯವಿಲ್ಲ. ಹತ್ತಿ ಅದ್ದಿ ಒರೆಸಿದರೆ ಅರಿಶಿನ ಬಿಟ್ಟುಕೊಳ್ಳುತ್ತದೆ. ತಗಡಾದರೆ ತುಕ್ಕು. ರಟ್ಟಾದರೆ ತೂತಿನಿಂದ ನೀರು ಒಳಗಿಳಿದು ರಟ್ಟು ಉಬ್ಬುತ್ತದೆ, ಮೇಲಿನ ಮೆರುಗು ಹಪ್ಪಳದಂತೆ ಎದ್ದು ಚೂರಾಗುತ್ತದೆ. ಹಾಡಿರುವುದು ಆ ಮೆರುಗಿನಲ್ಲಿ. ಒಳಗೆ ಏನಿದೆ ಎಂದು ತಿಳಿಯುವ ತನಕ ಒಂದು ಹನಿಯೂ ತಾಗಬಾರದು.

"ಸರಿ, ಏನೈತೆ ನೋಡೇಳು," ಎಂದ ಹುಡುಗಿಯ ಅಪ್ಪ.

ಅಯಸ್ಕಾಂತ ಹಿಡಿದೆ. ಮೈ ಮೇಲೆಲ್ಲೂ ಅಂಟಲಿಲ್ಲ, ನಡುತೂತಿನ ಹತ್ತಿರ ಮಾತ್ರ ಸೆಳೆಯಿತು. ಅಲ್ಲೊಂದು ತಗಡಿನ ಬಳೆ ಕೂರಿಸಿದ್ದರು. ಬಳೆಯ ದೆಸೆಯಿಂದ ನಡುತೂತಿನ ಅಂಚು ಮುಚ್ಚಿಹೋಗಿತ್ತು. ಬಳೆ ಹಾಕುವುದು ಹೆಚ್ಚಾಗಿ ರಟ್ಟಿಗೆ. ಆದರೆ ಅಲ್ಯುಮಿನಿಯಂಗೆ ಹಾಕಿದ್ದನ್ನೂ ನಾನು ಕಂಡಿದ್ದೆ. ತಕ್ಕಡಿಗೆ ಇಟ್ಟೆ. ನನ್ನ ಬಳಿಯಿದ್ದ ರಟ್ಟಿನದಕ್ಕಿಂತ ಭಾರ, ಅಲ್ಯುಮಿನಿಯಂಗಿಂತ ಹಗುರ. ಮೂರು ವರ್ಷದ ಅರಿಶಿನದ ತೂಕ ಎಷ್ಟು ಕಳೆಯಬೇಕೆಂದು ಯಾರಿಗೆ ಗೊತ್ತು? ತಟ್ಟಿದೆ. ಮಂಕು ಸದ್ದು. ಅಷ್ಟು ಅರಿಶಿನ ಮೆತ್ತಿದರೆ ಕಂಚಿನ ತಾಳವೂ ಹಾಗೆಯೇ ಅನ್ನುತ್ತದೆ. ಕೆನ್ನೆಗೆ ಒತ್ತಿಕೊಳ್ಳಲು ಹೋದಾಗ ಅಕ್ಕ ಗದರಿದಳು: "ಲೇ ಲೇ, ಊರೋರ್ ಎಂಡ್ತೀಗೆ ಕೆನ್ನೆ ಇಕ್ತೀಯಲ್ಲೋ!"

ಉಳಿದದ್ದು ಪಕ್ಕದ ತೂತು. ಅದರ ತುಂಬ ದಾರ.

"ಈ ದಾರ ಒಂದು ಗಳಿಗೆ ಬಿಚ್ಚಬೇಕು," ಎಂದೆ.

ಅಪ್ಪ ಪ್ಲೇಟನ್ನು ನನ್ನ ಮುಂದಿನಿಂದ ತೆಗೆದುಕೊಂಡು ಎದೆಗೆ ಒತ್ತಿ ಹಿಡಿದ.

"ಆಗಲ್ಲ ತಂಬಿ. ಅವ್ಳ ಕತ್ನಲ್ಲಿದ್ದುದ್ನ ಕಡೇ ದಿನ ನಾನೇ ಬಿಚ್ದೋನು. ಬಿಚ್ಚಿ ಇದಕ್ಕೆ ಕಟ್ಟಿವ್ನಿ. ಇನ್ನೊಂದ್ ದಪ ಬಿಚ್ಚಕ್ಕೆ ನನ್ ಕೈಲಿ ಆಗಲ್ಲ."

"ಅಂಚನ್ನು ಕೊಂಚ ಕೆರೆದು ನೋಡಲೇ?"

"ಚಾಕು ಇಕ್ತೀಯಾ ಅವ್ಳಿಗೆ?"

ಹುಡುಗಿ, "ಅಪ್ಪಾ, ಬಿಚ್ದೇ ಇದ್ರೆ ಅವ್ವ ಬಾಯೇ ಬುಡಲ್ಲ," ಎಂದಳು.

"ಬಿಚ್ಚಿದ್ ಮ್ಯಾಲೆ ಅವ್ಳು ಏನಾಯ್ತಾಳೆ, ಅದ ಏಳು," ಎಂದ ಅಪ್ಪ. ನನ್ನ ಎರಡು ವರ್ಷದ ಲೆಕ್ಕದಲ್ಲಿ ತಾಳಿ ಕಟ್ಟಿಕೊಂಡ ಪ್ಲೇಟು ಒಂದೂ ಇರಲಿಲ್ಲ. ನಾನು ಹೇಳಿದ್ದು ನಿಜವೇ ಆದರೂ ಅವನು ಹೇಳಿದ್ದು ಸುಳ್ಳಲ್ಲ ಎಂದು ಅನಿಸುತ್ತಿತ್ತು. ಬಿಚ್ಚದೆ ಹಾಗೇ ಆಡಿಸಿದರೆ ಸೂಜಿ ಅರಿಶಿನದ ಮೇಲೆ ಜಾರಿ ಗೆರೆಗಳನ್ನೇ ಉತ್ತುಬಿಡುತ್ತದೆ. ನೀರು ಹಾಕಿದರೆ ಏನಾಗುತ್ತದೋ ತಿಳಿಯದು. ಸುಮ್ಮನೆ ಹಾಗೇ ಡಬ್ಬಿಯಲ್ಲಿಟ್ಟರೆ ಪೂಜೆಗೆ ಏನೂ ಅಡ್ಡಿಯಿಲ್ಲ, ಹುಡುಗಿ ಮಾತ್ರ ಕಂಠ ಮರೆತವಳಾಗಿಯೇ ಮೇಚೇರಿಗೆ ಹೋಗುತ್ತಾಳೆ.

ಅಷ್ಟರಲ್ಲಿ ಅಂಗಡಿಯ ಹಿಂದಿನ ಮನೆಯಿಂದ ಅತ್ತೆ ಮಜ್ಜಿಗೆ ತಂದರು. ಬಾಗಿಲ ಮರೆಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು.

"ಬಿಚ್ಚಿ ಅಂತ ಯಾರಣ್ಣ ಏಳಿದ್ದು? ಈ ಕೂಸ್ಗೆ ಏನ್ ಗೊತ್ತು," ಎಂದು ನನ್ನನ್ನು ತೋರಿಸಿದರು. "ಆಡಿ ಅದ್ನೆಂಟಕ್ಕೆ ಒಳೆ ದಡದಲ್ಲಿ ನಾವೆಲ್ಲ ತಾಲಿ ದಾರ ಮಾತ್ತಕಿಲ್ವಾ? ಒಸದ ಮೊದ್ಲು ಕಟ್ಟಿ, ಆಮ್ಯಾಕೆ ಅಳೇದು ತಗಿಯದು. ಕತ್ತು ಒಂದ್ ಚಣಾನೂ ಬರಿದಾಗಲ್ಲ. ಅವ್ಳಿಗೆ ಮೂರ್ ವರ್ಸದಿಂದ ದಾರ ಮಾತ್ತಿದ್ದೀರಾ?"

ಮಾತ್ತುವುದೆಂದರೆ ಬದಲಿಸುವುದು; ಆಡಿ ತಿಂಗಳ ಹದಿನೆಂಟನೆಯ ದಿನ ಮುತ್ತೈದೆಯರು ಹೊಳೆಗೆ ಹೋಗಿ ತಾಳಿಯ ದಾರ ಬದಲಿಸುತ್ತಾರೆ. ಅಪ್ಪ ಅಕ್ಕನ ಮುಖ ನೋಡಿದ. ಅಕ್ಕ ಎಲೆಯಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ದಾಟಿಸಿದಳು.

"ಇಲ್ವಲ್ಲೋ," ಎಂದಳು. "ಪ್ರತಿ ಆಡೀಗೂ ನಾನ್ ಮಾತ್ರ ಮಾತ್ಕೊಂಡೆ. ಅವ್ಳ ಗ್ಯಾಪ್ಕವೇ ಬರ್ಲಿಲ್ಲ."

"ಆಡಿವರ್ಗೂ ಕಾಯ್ಬೇಕು ಅಂತೇನಿಲ್ಲ. ಮದ್ವೆ ಮನೆ," ಎಂದರು ಅತ್ತೆ. ಒಳಗೆ ಹೋಗಿ ನೂಲು ತಂದು, ಅರಿಶಿನದಲ್ಲಿ ಅದ್ದಿ, ಹಿಂಡಿ, ನೆರಳಿನಲ್ಲಿ ಹರವಿದರು. ನೂಲು ಚೆನ್ನಾಗಿ ಒಣಗಿದ ಮೇಲೆಯೇ ಪ್ಲೇಟಿನ ಹತ್ತಿರ ತರಬೇಕೆಂದು ನಾನು ಎರಡು ಸಲ ಹೇಳಿದೆ. "ಆಯ್ತು ಮಾರಾಯ," ಎಂದು ಎರಡು ಸಲವೂ ಬೈಸಿಕೊಂಡೆ.

ಹೊಸ ದಾರವನ್ನೂ ಅದೇ ತೂತಿಗೆ ಪೋಣಿಸಿದರೆ ನನಗೆ ನೋಡಲು ತೂತೇ ಇರುವುದಿಲ್ಲ. ಅದಕ್ಕೆ ಹೊಸದನ್ನು ನಡುತೂತಿನಲ್ಲಿ ಪೋಣಿಸಿದೆವು. ಅಪ್ಪ ಪ್ಲೇಟು ಹಿಡಿದುಕೊಂಡ, ಅತ್ತೆ ಮೂರು ಗಂಟು ಹಾಕಿದರು. ಅದಾದ ಮೇಲೆ ಹಳೆಯ ದಾರದ ಗುಂಡನ್ನು ಹೊಸದಕ್ಕೆ ದಾಟಿಸಿ, ಹಳೆಯದನ್ನು ಎಳೆಯದೆ, ಗಂಟು ಸಡಿಲಿಸಿ ಮೆಲ್ಲಗೆ ತೆಗೆದರು. ಅಷ್ಟು ಹೊತ್ತೂ ಅಪ್ಪ ಬಾಗಿಲಾಚೆ ಬೀದಿ ನೋಡುತ್ತಿದ್ದ.

ಭೂತಗನ್ನಡಿ ಹಿಡಿಯುವ ಮೊದಲೇ ನನಗೆ ತಿಳಿದುಹೋಯಿತು. ಹಳೆಯ ದಾರ ಉಜ್ಜಿ ಉಜ್ಜಿ, ಅದರ ಮೈಗೆ ಕಂದು ಬಣ್ಣದ ನಾರು ಮೆತ್ತಿತ್ತು. ತೂತಿನ ಅಂಚಿನಲ್ಲಿ ಒಂದರ ಮೇಲೊಂದು ಒತ್ತಿ ಅಂಟಿಸಿದ ಕಾಗದದ ಪದರಗಳು ಬೇರೆ ಬೇರೆಯಾಗಿ ಕಂಡವು.

"ರಟ್ಟು," ಎಂದೆ.

ಅಕ್ಕನಿಗೆ ನಂಬಿಕೆ ಬರಲಿಲ್ಲ. ದಾರದಿಂದ ಒಂದು ಚೂರು ನಾರು ತೆಗೆದು ನನ್ನ ಹೆಬ್ಬೆರಳ ಉಗುರಿನ ಮೇಲಿಟ್ಟು ಒಂದು ಹನಿ ನೀರು ಬಿಟ್ಟೆ. ಅದು ನೆಂದ ಅವಲಕ್ಕಿಯಂತೆ ಉಬ್ಬಿ ಕರಗಿ ಹರಡಿಕೊಂಡಿತು. ಅಕ್ಕ ಬಗ್ಗಿ ನೋಡಿದವಳು ತಲೆಯೆತ್ತಲಿಲ್ಲ.

"ಒಳೇಲಿ ಮುಳುಗ್ಸಿದ್ರೆ ನನ್ ಕೈಲೇ ಓಗಿರಳು," ಎಂದಳು.

ರಟ್ಟು ಎಂದು ಗೊತ್ತಾದದ್ದರಿಂದ ಒಂದು ದಾರಿ ಮುಚ್ಚಿತು, ಇನ್ನೊಂದು ತೆರೆಯಿತು. ನೀರಿಲ್ಲದೆ ಒಣಗಿದ್ದಾಗಲೇ ಕೆಲಸ ಮುಗಿಸಬೇಕು. ಅಪ್ಪ ಪರಿಸಲು ಬಿಟ್ಟು ಬಹಳ ದಿನ ಇರುವಂತಿಲ್ಲವೆಂದು ಊರಿಗೆ ಹೋದ. ಪ್ಲೇಟನ್ನು ಒಂಟಿಯಾಗಿ ಬಿಟ್ಟುಹೋಗಲು ಮನಸ್ಸಿಲ್ಲದೆ ಅಕ್ಕನನ್ನೂ ಮಗಳನ್ನೂ ಅತ್ತೆಯ ಜೊತೆ ಬಿಟ್ಟುಹೋದ. ನಾನು ಚಿತ್ರ ಬರೆಯುವ ಮೆತ್ತನೆಯ ಕುಂಚದಿಂದ, ಗೆರೆ ಸಾಗುವ ದಿಕ್ಕಿನಲ್ಲೇ, ಬಿರುಕು ಬಿಟ್ಟ ಅರಿಶಿನವನ್ನು ಉದುರಿಸುತ್ತ ಬಂದೆ. ದೊಡ್ಡ ಹಕ್ಕಳೆಗಳು ಸಲೀಸಾಗಿ ಎದ್ದವು. ಗೆರೆಯೊಳಗೆ ಕೂತ ಪುಡಿ ಏಳಲಿಲ್ಲ. ಉಕ್ಕಿನ ಸೂಜಿ ಮೆರುಗನ್ನು ಸೀಳುತ್ತದೆ. ಇಂಥ ಪ್ಲೇಟುಗಳಿಗೆ ನಾವು ಬಳಸುತ್ತಿದ್ದುದು ಜಾಲಿಯ ಮುಳ್ಳು. ಒಣಗಿದ ಮುಳ್ಳನ್ನು ಅಳತೆಗೆ ಕತ್ತರಿಸಿ, ತುದಿಯನ್ನು ಮಸೆದು, ಸೂಜಿಯ ಜಾಗದಲ್ಲಿ ಸಿಕ್ಕಿಸುತ್ತಿದ್ದೆವು. ಅದನ್ನೇ ಕೈಯಲ್ಲಿ ಹಿಡಿದು, ಪ್ಲೇಟನ್ನು ಬಹಳ ನಿಧಾನವಾಗಿ ತಿರುಗಿಸುತ್ತ, ಗೆರೆ ಗೆರೆಯಾಗಿ ಪುಡಿ ಹೊರಡಿಸಿದೆ. ಕೆಲವು ಸುತ್ತಿಗೆಲ್ಲ ಮುಳ್ಳು ಮೊಂಡಾಗುತ್ತಿತ್ತು. ಹುಡುಗಿ ಪಕ್ಕದಲ್ಲಿ ಕೂತು ಹಂಚಿನ ಚೂರಿನ ಮೇಲೆ ಮುಳ್ಳು ಮಸೆದು ಮಸೆದು ಕೊಡುತ್ತಿದ್ದಳು. ಒಮ್ಮೆ, "ಅಣ್ಣ, ಈಗ ನೀನ್ ಕೆರೀತಿರದು ಯಾವ್ ಮಾತು?" ಎಂದು ಕೇಳಿದಳು. ಗೊತ್ತಿಲ್ಲ ಎಂದೆ. ಅದು ನಿಜವೇ. ಗೆರೆ ನೋಡಿದರೆ ಗಟ್ಟಿ ಧ್ವನಿ ಯಾವುದು, ಮೆತ್ತನೆಯದು ಯಾವುದು ಎಂದು ಅಷ್ಟಿಷ್ಟು ತಿಳಿಯುತ್ತದೆ. ಮಾತು ತಿಳಿಯುವುದಿಲ್ಲ.

ಎಣ್ಣೆಯ ಕುಂಕುಮ ಮಾತ್ರ ಜಪ್ಪಯ್ಯ ಎನ್ನಲಿಲ್ಲ. ಅದನ್ನು ಕರಗಿಸುವ ಯಾವುದೂ ಮೆರುಗನ್ನೂ ಕರಗಿಸುವಂಥದ್ದೇ. ಹಾಗೇ ಬಿಟ್ಟೆ.

ಅಪ್ಪ ಮರಳಿ ಬಂದ ಸೋಮವಾರ ಮಧ್ಯಾಹ್ನ ಆಡಿಸಿ ನೋಡುವುದೆಂದು ಆಯಿತು. ಅತ್ತೆ ಮತ್ತೊಂದು ಹೊಸ ದಾರವನ್ನು, ಗೆರೆಗಳ ಮೇಲೆ ಹಾಯದಂತೆ ತೂತಿನ ಎರಡೂ ಬದಿಗೆ ಗಿಡ್ಡ ಗಂಟು ಹಾಕಿ, ಪಕ್ಕದ ತೂತಿಗೆ ಕಟ್ಟಿ ನಡುತೂತನ್ನು ಬಿಡಿಸಿಕೊಟ್ಟರು. ಕೆಳಗಿನ ಗಂಟು ಪ್ಲೇಟನ್ನು ಓರೆಯಾಗಿ ಎತ್ತದಿರಲೆಂದು ಅದರ ಅಡಿಗೆ ನಡುವೆ ತೆರೆದ ಕಂಬಳಿಯ ಬಳೆಯೊಂದನ್ನು ಕತ್ತರಿಸಿ ಹಾಸಿದೆ. ಪೆಟ್ಟಿಗೆಯಲ್ಲಿ ಮುಳ್ಳು ಹಿಡಿಯುವ ಕೈಯ ಭಾರ ಹೆಚ್ಚು. ಅದರ ಹಿಂದುಗಡೆ ಸೀಸದ ತುಂಡು ತೂಗುಬಿಟ್ಟು ತುದಿಯ ಭಾರ ಇಳಿಸಿದೆ. ಕೀಲಿ ಕೊಟ್ಟು, ಹೊಸ ಮುಳ್ಳು ಸಿಕ್ಕಿಸಿ, ಇಳಿಸಿದೆ.

ಮೊದಲು ಬಂದದ್ದು ಭೋರೆಂಬ ಸದ್ದು. ಗೆರೆ ಹಾಳಾಗಿದೆ, ಪುಡಿ ಉಳಿದಿದೆ ಎಂದುಕೊಂಡೆ.

"ನೀರು," ಎಂದ ಅಪ್ಪ. "ಒಗೆನಕಲ್ ನೀರು ಅದು. ಆವೊತ್ತು ಒಳೆ ತುಂಬಿತ್ತು."

ಆ ನೀರಿನ ಸದ್ದಿನೊಳಗಿಂದ ಹೆಂಗಸಿನ ಕಂಠ ಎದ್ದಿತು. ತೆಳ್ಳಗಿನ ಕಂಠವಲ್ಲ. ದಡದಿಂದ ದಡಕ್ಕೆ ಕೂಗಿ ಅಭ್ಯಾಸವಾದದ್ದು.

"ಅಂಗಳಕೆ ನೀರಾಕಿ ರಂಗೋಲೆ ಬರೆದಾಯ್ತು, ಮಗಳೇ ಮಣೆಗೇಳೆ..."

ಕುಂಕುಮದ ಜಾಗ ಬಂದಾಗಲೆಲ್ಲ ಮುಳ್ಳು ತಟ್ ಎಂದು ಹಾರಿ ಮತ್ತೆ ಗೆರೆಗೆ ಬೀಳುತ್ತಿತ್ತು. ಒಂದು ಸಾಲು ಮುಗಿಯಿತು. ಆಮೇಲೆ ಕಂಠವೇ ಇಲ್ಲ. ನೀರಿನ ಸದ್ದು, ತಟ್, ನೀರಿನ ಸದ್ದು, ತಟ್. ಅಲ್ಲಿ ಮೆರುಗು ಎದ್ದುಹೋಗಿದೆ, ಇನ್ನೂ ಮುಂದಕ್ಕೆ ಬಿಟ್ಟರೆ ಉಳಿದದ್ದೂ ಕಿತ್ತುಬರುತ್ತದೆ ಎಂದು ಮುಳ್ಳು ಎತ್ತಿಬಿಡಲು ನಾನು ಕೈ ಚಾಚಿದೆ. ಅಕ್ಕ ನನ್ನ ಮಣಿಕಟ್ಟಿಗೆ ಫಟ್ಟನೆ ಹೊಡೆದಳು. ಹೊಡೆದವಳೇ ಬಾಯಿಯ ಎಲೆಯಡಿಕೆಯನ್ನು ಕೆನ್ನೆಗೆ ಸರಿಸಿ, ಆ ಸಾಲನ್ನು ಅದೇ ರಾಗದಲ್ಲಿ ಹಾಡಿದಳು:

"ಮಗಳೇ ಮಣೆಗೇಳೆ..."

ಅವಳು ನಿಲ್ಲಿಸಿದ್ದೇ ತಡ, ಪೆಟ್ಟಿಗೆಯೊಳಗಿನ ಕಂಠ ಮುಂದಿನ ಸಾಲು ಎತ್ತಿಕೊಂಡಿತು. ಸೋಬಾನೆಯನ್ನು ಒಬ್ಬರೇ ಹಾಡುವುದಿಲ್ಲ. ಒಬ್ಬಳು ಹೇಳಿಕೊಡುತ್ತಾಳೆ, ಉಳಿದವರು ಹಿಂದೆ ಹಾಡುತ್ತಾರೆ. ಕೊರೆದ ದಿನ ಹಿಂದೆ ಹಾಡುವವರು ಯಾರೂ ಇರಲಿಲ್ಲ. ಟಾಕಿಯವನು ಬೇರೆಯವರು ಉಸಿರೆತ್ತಬಾರದು ಎಂದಿದ್ದನಂತೆ. ಆಕೆಗೆ ಹಾಗೆ ಎಡೆಬಿಡದೆ ಹಾಡಲು ಬರುತ್ತಿರಲಿಲ್ಲ. ಪ್ರತಿ ಸಾಲಿನ ನಂತರವೂ, ಹಾಡಬೇಕಾದವರು ಹಾಡಿ ಮುಗಿಸುವಷ್ಟು ಹೊತ್ತು, ಸುಮ್ಮನೆ ಕಾದಿದ್ದಳು. ಎರಡನೆಯ ಸಾಲಿಗೆ ಅತ್ತೆಯೂ ಸೇರಿದರು. ಮೂರನೆಯದಕ್ಕೆ ಹುಡುಗಿ. ಅವಳಿಗೆ ಹಾಡಿನ ಮಾತು ಬರುತ್ತಿರಲಿಲ್ಲ. ಅವ್ವ ಹೇಳಿಕೊಟ್ಟದ್ದನ್ನು ಕೇಳಿ ಹೇಳಿದಳು.

ಅಪ್ಪ ಕೇಳಿದ: "ಆ ತಟ್ ತಟ್ ಏನು ತಂಬಿ?"

"ಕುಂಕುಮ ಇಟ್ಟ ಜಾಗ," ಎಂದೆ.

ಅವನು ತನ್ನ ಹೆಬ್ಬೆರಳನ್ನು ನೋಡಿಕೊಂಡ.

ಮುಗಿದ ಮೇಲೆ ಮುಳ್ಳು ಬಿಚ್ಚಿ ನೋಡಿದೆ. ತುದಿಯಲ್ಲಿ ಹಳದಿಯ ಜೊತೆ ಒಂದು ಕೂದಲೆಳೆಯಷ್ಟು ಕಪ್ಪೂ ಇತ್ತು. ಆ ಕಪ್ಪು ಮೆರುಗಿನದು. ಎಷ್ಟು ಜೋಪಾನ ಮಾಡಿದರೂ ಪ್ರತಿ ಸಲ ಅಷ್ಟಷ್ಟು ಹೋಗುತ್ತದೆ, ಹೆಚ್ಚು ಸಲ ಆಡಿಸುವಂತಿಲ್ಲ ಎಂದು ಎಲ್ಲರೆದುರಿಗೆ ಹೇಳಿದೆ. ಇನ್ನೊಮ್ಮೆ ಹಾಕು ಎಂದು ಹುಡುಗಿ ಕೇಳುತ್ತಾಳೆಂದು ಅವಳ ಕಡೆ ನೋಡಲೇ ಇಲ್ಲ. ಅತ್ತೆ ಪೆಟ್ಟಿಗೆಯ ಮುಚ್ಚಳ ಹಾಕಿದರು.

"ಅಂಗಾರೆ ಒಳೇಲಿ ಮೀಯ್ಸದು?" ಎಂದು ಅಕ್ಕ ಕೇಳಿದಳು. ಆ ಚಿಂತೆ ಅವಳನ್ನು ಬಿಟ್ಟಿರಲಿಲ್ಲ.

"ಡಬ್ಬೀನ ಮೀಯ್ಸಿ," ಎಂದರು ಅತ್ತೆ. "ಮೂರ್ ವರ್ಸ ಅವ್ಳು ವಾಸ ಇದ್ದ ಮನೆ ಅಲ್ವಾ ಅದು. ಅವ್ಳು ನೆಳ್ಳಲ್ಲಿ ಕೂತ್ಕೊಂಡು ನೋಡ್ಲಿ."

ವೈಕಾಸಿಯಲ್ಲಿ ಪೆಟ್ಟಿಗೆ ಹೊತ್ತುಕೊಂಡು ನಾನೇ ಹೋದೆ. ಧರ್ಮಪುರಿಯವರೆಗೆ ಒಂದು ಬಸ್ಸು, ಅಲ್ಲಿಂದ ಪೆನ್ನಾಗರಕ್ಕೆ ಇನ್ನೊಂದು, ಆಮೇಲೆ ಕಾಡಿನ ಇಳಿಜಾರಿನಲ್ಲಿ ಎತ್ತಿನ ಗಾಡಿ. ಪ್ಲೇಟನ್ನು ಅವರು ಮೊದಲೇ ಒಯ್ದಿದ್ದರು. ಬಿಸ್ಕತ್ತಿನ ಡಬ್ಬಿಯನ್ನು ಹೊಳೆಯಲ್ಲಿ ಸೀಗೆಪುಡಿ ಹಾಕಿ ಉಜ್ಜಿ, ಮೂರು ಮುಳುಗು ಮುಳುಗಿಸಿ, ಹೂವು ಮುಡಿಸಿದರು. ಪ್ಲೇಟು ಅಷ್ಟು ಹೊತ್ತೂ ಮತ್ತಿಮರದ ಕೆಳಗೆ ಅಪ್ಪನ ಮಡಿಲಲ್ಲಿತ್ತು.

ಮರುದಿನ ಬೆಳಿಗ್ಗೆ ಹುಡುಗಿಯನ್ನು ಮಣೆಯ ಮೇಲೆ ಕೂರಿಸಿದರು. ಒರಳಿನಲ್ಲಿ ಅರಿಶಿನ ಕುಟ್ಟುವ ಸದ್ದು ನಿಂತಿತು. ಅಕ್ಕ ಊರಿನ ಹೆಂಗಸರನ್ನೆಲ್ಲ ಮೊದಲೇ ತಯಾರು ಮಾಡಿಟ್ಟಿದ್ದಳು. ನಾನು ಮುಳ್ಳು ಇಳಿಸಿದೆ. ಹೊರಗಿನ ಹೊಳೆಯ ಸದ್ದಿಗೂ ಪ್ಲೇಟಿನೊಳಗಿನ ಹೊಳೆಯ ಸದ್ದಿಗೂ ವ್ಯತ್ಯಾಸ ತಿಳಿಯಲಿಲ್ಲ. ಕಂಠ ಎದ್ದಿತು, ನಿಂತಿತು, ಹೆಂಗಸರು ಹಿಂದೆ ಹಾಡಿದರು. ಮೊದಲ ಸಾಲಿಗೆ ಗಾಬರಿಯಾಗಿ ಮೆಲ್ಲಗೆ, ಎರಡನೆಯದಕ್ಕೆ ಗಟ್ಟಿಯಾಗಿ. ಆಕೆಯನ್ನು ಬಲ್ಲ ಒಬ್ಬ ಮುದುಕಿ ಪೆಟ್ಟಿಗೆಯ ಹತ್ತಿರ ಬಂದು, "ಮೆಲ್ಲಕ್ಕಾಡೆ, ಯಾವಾಗ್ಲೂ ನಿಂದು ಓಟವೇ," ಎಂದು ಗದರಿಸಿದಳು. ಹುಡುಗಿಯ ಕೆನ್ನೆಗೆ ಅರಿಶಿನ ಹಚ್ಚುತ್ತಿದ್ದರು. ಅವಳು ಕಣ್ಣು ಮುಚ್ಚಿ ಕೂತಿದ್ದಳು, ತುಟಿ ಅಲ್ಲಾಡುತ್ತಿತ್ತು.

ಹಾಡು ಮುಗಿದು ಮುಳ್ಳು ಎತ್ತಿದೆ. ಮೇಚೇರಿಯಿಂದ ಬಂದಿದ್ದ ಗಂಡಿನ ಕಡೆಯ ಹುಡುಗರು ಚಪ್ಪಾಳೆ ತಟ್ಟಿದರು. ಒಬ್ಬ, ನಾಟಕದ ಡೇರೆಯಲ್ಲಿ ಕೂಗುವ ಹಾಗೆ, "ಒನ್ಸ್ ಮೋರ್!" ಎಂದ. ಎಲ್ಲರೂ ಅದನ್ನೇ ಹಿಡಿದುಕೊಂಡರು. ಮದುಮಗಳೂ ಕಣ್ಣು ತೆರೆದು ಅಪ್ಪನನ್ನೇ ನೋಡಿದಳು.

ಅಪ್ಪ ಬಂದು ಪ್ಲೇಟನ್ನು ಎರಡೂ ಅಂಗೈಯಲ್ಲಿ ಅಂಚು ಹಿಡಿದು ಎತ್ತಿಕೊಂಡ. ಹೇಗೆ ಹಿಡಿಯಬೇಕೆಂದು ನಾನು ತೋರಿಸಿದ್ದಂತೆಯೇ.

"ಸಾಕು ಬುಡ್ರಪ್ಪ, ದಮ್ಮು ಕಟ್ತದೆ ಅವ್ಳಿಗೆ," ಎಂದ.

"ಏ ಮಾಮಾ, ಇನ್ನೊಂದೇ ದಪ!"

"ಇನ್ನೊಂದ್ ದಪ ಐತೆ ಕಣೋ. ಇವ್ಳಿಗೆ."

ಅವನು ಮೊಣಕೈಯಿಂದ ತೋರಿಸಿದ ಕಡೆ, ಅರಿಶಿನದ ಬಟ್ಟಲು ಹಿಡಿದುಕೊಂಡು ಅವನ ಕಿರಿಯ ಮಗಳು ನಿಂತಿದ್ದಳು. ಏಳೋ ಎಂಟೋ ವರ್ಷ. ಎಲ್ಲರೂ ತನ್ನನ್ನೇ ನೋಡುವುದು ಕಂಡು ಬಟ್ಟಲನ್ನು ಮುಖಕ್ಕೆ ಅಡ್ಡ ಹಿಡಿದಳು. ಅಪ್ಪ ಪ್ಲೇಟನ್ನು ಡಬ್ಬಿಯಲ್ಲಿಟ್ಟು ಮುಚ್ಚಿದ. ಬಟ್ಟಲಿಗೆ ಬೆರಳದ್ದಿ, ಅರಿಶಿನವನ್ನು ಡಬ್ಬಿಯ ಮುಚ್ಚಳಕ್ಕೆ ಹಚ್ಚಿದ.